ಹಳೆಯ ನೋವು, ಇಂದಿನ ಜಗಳ

ಬಾಲ್ಯದಲ್ಲೋ ಹರೆಯದಲ್ಲೋ ಮನಸ್ಸಿಗೆ ಬಿದ್ದ ಪೆಟ್ಟು ಮಾಯದೆ ಉಳಿದರೆ ಮುಂದಿನ ಸಂಬಂಧಗಳಲ್ಲಿ ತಲೆಯೆತ್ತುತ್ತದೆ. ಸಿಡುಕು, ಅನುಮಾನ, ಮಾತು ಬಿಡುವುದು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದಿರುವುದು ಇವೆಲ್ಲ ಅದರ ಚಹರೆಗಳು. ಪೆಟ್ಟು ತಿಂದವರಿಗೆ ಎಷ್ಟೋ ಸಲ ನೋವಿನ ಮೂಲ ಹೊಳೆಯುವುದಿಲ್ಲ, ಎದುರಿಗಿರುವವರ ತಪ್ಪು ಮಾತ್ರ ಕಾಣುತ್ತದೆ.

ಬೆಂಗಳೂರಿನ ಬಿಟಿಎಂ ಲೇಔಟ್‌ನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಕ್ಕಿಕೊಂಡ ಗಂಡ ಫೋನ್ ಎತ್ತಿಲ್ಲ. ಅವನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಹೆಂಡತಿ ಕೂಗಾಡುತ್ತಾಳೆ. ಅವಳು ಚಿಕ್ಕವಳಿದ್ದಾಗ ಮನೆ ಬಿಟ್ಟು ಹೋದ ತಂದೆ ಮತ್ತೆ ಬಂದಿರಲಿಲ್ಲ. ಅವನೋ, ಕುಡಿದು ಅರಚುವ ಅಪ್ಪನೆದುರು ಉಸಿರು ಬಿಗಿಹಿಡಿದು ಬೆಳೆದವನು. ಏರಿದ ದನಿ ಕಿವಿಗೆ ಬಿದ್ದೊಡನೆ ಟೆರೇಸ್ ಹತ್ತಿಬಿಡುತ್ತಾನೆ. ಅವನು ಸರಿದಷ್ಟೂ ಅವಳಿಗೆ ಭಯ, ಅವಳು ಕೂಗಿದಷ್ಟೂ ಅವನಿಗೆ ಮೌನ. ಟ್ರಾಫಿಕ್ ಬರೀ ನೆಪ.

ತಾಯಿ-ಮಗುವಿನ ನಂಟನ್ನು ಅಧ್ಯಯನ ಮಾಡಿದ ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ 1969ರಲ್ಲಿ ಆ ಕುರಿತ ತಮ್ಮ ಗ್ರಂಥದ ಮೊದಲ ಸಂಪುಟ ಪ್ರಕಟಿಸಿದರು. ಆಸರೆಯಾಗಬೇಕಾದವರು ಕೈಬಿಟ್ಟರೆ ಮಗು ಜನರ ಬಗ್ಗೆ ಒಂದು ಅಂದಾಜು ಕಟ್ಟಿಕೊಳ್ಳುತ್ತದೆ, ದೊಡ್ಡದಾದ ಮೇಲೂ ಆ ಅಂದಾಜಿನಲ್ಲೇ ಸಂಗಾತಿಯನ್ನು ಅಳೆಯುತ್ತದೆ ಎಂಬುದು ಅವರ ವಿಚಾರದ ತಿರುಳು. ಅಮೆರಿಕದಲ್ಲಿ 17,000ಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ, 1998ರಿಂದ ಪ್ರಕಟವಾಗತೊಡಗಿದ ಅಧ್ಯಯನವೊಂದು ಬಾಲ್ಯದ ಹಿಂಸೆ, ಅಲಕ್ಷ್ಯಗಳಿಗೂ ನಂತರದ ಖಿನ್ನತೆ, ಕುಡಿತಗಳಿಗೂ ನಂಟಿರುವುದನ್ನು ತೋರಿಸಿತು. ಆದರೂ ಬಾಲ್ಯವೇ ಹಣೆಬರಹವಲ್ಲ. ನಂಬಿಕಸ್ಥ ಸಂಗಾತಿ, ಸ್ನೇಹಿತೆ, ಒಬ್ಬ ಒಳ್ಳೆಯ ಮೇಷ್ಟರು ಕೂಡ ಆ ಅಂದಾಜನ್ನು ತಿದ್ದಬಲ್ಲರು.

ನಮ್ಮ ಮನೆಗಳಲ್ಲಿ ಇಂಥ ಮಾತು ಬಂದರೆ “ಹಳೇದನ್ನೆಲ್ಲ ಈಗ್ಯಾಕೆ ಕೆದಕ್ತೀಯ?” ಎಂದು ಬಾಯಿ ಮುಚ್ಚಿಸುವುದೇ ರೂಢಿ. ಅದು ಸಲ್ಲದು. ಹೇಳಿಕೊಳ್ಳಲಾಗದ ನೋವು ಮುನಿಸಾಗಿ ಮಕ್ಕಳವರೆಗೂ ಹರಿಯುತ್ತದೆ. ಹಾಗೆಂದು ಹಳೆಯ ನೋವು ಕೈ ಎತ್ತುವುದಕ್ಕೆ ಪರವಾನಗಿಯಲ್ಲ. ಹೊಡೆತ ತಿನ್ನುತ್ತಿರುವವರಿಗೆ ಮೊದಲು ಬೇಕಾದದ್ದು ರಕ್ಷಣೆ, ಸಂಧಾನವಲ್ಲ.

ದಕ್ಷಿಣ ಬೆಂಗಳೂರಿನವರಿಗೆ ನೆರವು ದೂರವಿಲ್ಲ. ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಕುಟುಂಬಕ್ಕೆಂದೇ ಮನೋವೈದ್ಯಕೀಯ ಕೇಂದ್ರವಿದೆ. ಅಲ್ಲಿ ಒಬ್ಬರನ್ನು ‘ರೋಗಿ’ ಎಂದು ಬೇರ್ಪಡಿಸದೆ ಮನೆಮಂದಿಯನ್ನು ಒಟ್ಟಿಗೆ ಕೂರಿಸಿ ಮಾತಾಡಿಸುತ್ತಾರೆ. ಮೇಲೆ ಹೇಳಿದಂಥ ಜೋಡಿಗೆ ಬೇಕಾದದ್ದೂ ಇದೇ. ಆಸ್ಪತ್ರೆಯ ಗೇಟು ದಾಟಲು ಅಳುಕುವವರಿಗೆ ಬಿಟಿಎಂ ಲೇಔಟ್‌ನಲ್ಲಿ ಅದೇ ಸಂಸ್ಥೆಯ ಕ್ಷೇಮಪಾಲನಾ ಕೇಂದ್ರವಿದೆ. ನಿಮ್ಹಾನ್ಸ್‌ನ ನಿವೃತ್ತ ಪ್ರಾಧ್ಯಾಪಕ ಡಾ. ಸಿ. ಆರ್. ಚಂದ್ರಶೇಖರ್ ಕನ್ನಡದಲ್ಲೇ ಮನಸ್ಸಿನ ಬಗ್ಗೆ ಹತ್ತಾರು ಪುಸ್ತಕ ಬರೆದು, ‘ಸಮಾಧಾನ’ ಕೇಂದ್ರದ ಮೂಲಕ ಉಚಿತವಾಗಿ ಆಪ್ತಸಲಹೆ ಕೊಡುತ್ತ ಬಂದವರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಮನೆಯಿಂದಲೇ ಮಾತಾಡಲು ಬಯಸುವವರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.