ಹೊಳಪಿಗೆ ಮರುಳಾಗದ ಅಯಸ್ಕಾಂತ

ಹೀಗೊಂದು ದೃಶ್ಯವನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಇಟಲಿಯ ಮಿಲಾನ್ ನಗರದ ಹೊರವಲಯದಲ್ಲೊಂದು ಷೆಡ್ಡು. ಒಳಗೆ ಕಣ್ಣು ಕೋರೈಸುವ ಕೆಂಪು ಕಾರು. ಕೊಳ್ಳಲು ಬಂದ ತರುಣನ ಮನಸ್ಸು ಆಗಲೇ ಅದನ್ನೇರಿ ಆಲ್ಪ್ಸ್ ಪರ್ವತದ ತಿರುವುಗಳಲ್ಲಿ ವಿಹರಿಸತೊಡಗಿದೆ. ಜೊತೆಗೆ ಬಂದ ಹಿರಿಯ ಮಾತ್ರ ಮೊಣಕಾಲೂರಿ ಕುಳಿತು, ಬಟ್ಟೆ ಸುತ್ತಿದ ಪುಟ್ಟ ಅಯಸ್ಕಾಂತವನ್ನು ಬಾಗಿಲಿನ ಅಡಿಯಂಚಿಗೆ ತಾಗಿಸುತ್ತಾನೆ. ಅದು ಅಂಟಿಕೊಳ್ಳದೆ ಜಾರುತ್ತದೆ. ಬಣ್ಣದ ಕೆಳಗೆ ಉಕ್ಕಿಲ್ಲ. ತುಕ್ಕು ತಿಂದ ತೂತಿಗೆ ಮೆತ್ತಿದ ಪುಟ್ಟಿಯಿದೆ! ತರುಣನ ಹತ್ತು ವರ್ಷಗಳ ಉಳಿತಾಯ ಹೀಗೆ ಕ್ಷಣಮಾತ್ರದಲ್ಲಿ ಉಳಿಯುತ್ತದೆ.

ಆ ಕಾರು ಆಲ್ಫಾ ರೋಮಿಯೊ ಕಂಪನಿಯ ಜೂಲಿಯಾ ಸ್ಪ್ರಿಂಟ್ ಜಿ.ಟಿ. 1963ರಲ್ಲಿ ಹೊರಬಂದ ಇದರ ರೂಪವನ್ನು ಕಲ್ಪಿಸಿದವನು, ಆಗ ಬೆರ್ತೋನೆ ಸಂಸ್ಥೆಯಲ್ಲಿದ್ದ ಇಪ್ಪತ್ತರ ಹರೆಯದ ಜೊರ್ಜೆತ್ತೊ ಜೂಜಾರೊ. 1570 ಘನ ಸೆಂಟಿಮೀಟರಿನ ಎಂಜಿನು, ಐದು ಗೇರು, ನಾಲ್ಕು ಚಕ್ರಗಳಿಗೂ ಡಿಸ್ಕ್ ಬ್ರೇಕು. ಆದರೆ ಒಡಲು ಮಾತ್ರ ತುಕ್ಕಿಗೆ ಸುಲಭದ ತುತ್ತು. ಇದಕ್ಕೆ ಪ್ರತ್ಯೇಕ ಚೌಕಟ್ಟಿಲ್ಲ. ಭಾರವನ್ನೆಲ್ಲ ಒಡಲೇ ಹೊರಬೇಕು. ಬಾಗಿಲುಗಳ ಕೆಳಗಿನ ಟೊಳ್ಳು ತೊಲೆಗಳು ಒಳಗಿನಿಂದ ತುಕ್ಕು ಹಿಡಿದರೆ ಕೆಡುವುದು ಅಂದವಷ್ಟೇ ಅಲ್ಲ, ಪ್ರಾಣಕ್ಕೂ ಸಂಚಕಾರ.

ಇಂತಹ ಗುಟ್ಟುಗಳು ಆಲ್ಫಾಪ್ರಿಯರ ನಡುವೆ ಬಾಯಿಂದ ಬಾಯಿಗೆ ಸಾಗಿ ಬಂದಿವೆ. ಎಂಜಿನ್ನಿನ ಎಣ್ಣೆಯು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದರೊಳಗೆ ನೀರು ಸೇರಿದೆಯೆಂದೇ ತಿಳಿಯಬೇಕು. ಸಿಲಿಂಡರಿನ ತಲೆಯ ಗ್ಯಾಸ್ಕೆಟ್ಟು ಕೆಟ್ಟಿರುವ ಶಂಕೆ ಬಲವಾಗುತ್ತದೆ. ಬೆಳಗಿನ ಚಳಿಯಲ್ಲಿ ಎರಡನೆಯ ಗೇರಿಗೆ ಅವಸರಪಡಿಸಬಾರದು. ಗೇರುಪೆಟ್ಟಿಗೆಯ ಎಣ್ಣೆ ಬಿಸಿಯಾಗುವ ತನಕ ಮೆಲ್ಲನೆ ಹಾಕಬೇಕು. ಎರಡು ವೆಬರ್ ಕಾರ್ಬ್ಯುರೇಟರುಗಳ ನಾಲ್ಕು ಬಾಯಿಗಳೂ ಸಮನಾಗಿ ಗಾಳಿಯೆಳೆಯುತ್ತಿವೆಯೇ ಎಂಬುದನ್ನು, ರಬ್ಬರಿನ ಕೊಳವೆಯೊಂದನ್ನು ಕಿವಿಗಿಟ್ಟು ಅನುಭವಿಗಳು ಆಲಿಸಿಯೇ ಹೇಳಬಲ್ಲರು. ವೈದ್ಯನು ಎದೆಬಡಿತವನ್ನು ಆಲಿಸುವಂತೆಯೇ ಇದು!

ಅದೇ ಅಯಸ್ಕಾಂತವು ಇನ್ನೊಂದೆಡೆ ತದ್ವಿರುದ್ಧವಾದ ತೀರ್ಪು ನೀಡುತ್ತದೆ. 1965ರಲ್ಲಿ ಪಂದ್ಯಗಳಿಗಾಗಿ ಜಿ.ಟಿ.ಎ. ಎಂಬ ಹಗುರವಾದ ಮಾದರಿ ಹೊರಬಂದಿತು. ಇದರ ಹೊರಹೊದಿಕೆ ಅಲ್ಯೂಮಿನಿಯಂ ಮಿಶ್ರಲೋಹದ್ದು. ತೂಕ ಸುಮಾರು 200 ಕಿಲೋಗ್ರಾಂ ಕಡಿಮೆ. ಪ್ರತಿ ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್ಗು. ಇಲ್ಲಿ ಅಯಸ್ಕಾಂತ ಅಂಟಿದರೇ ಸಂಶಯ! ಅಪರೂಪದ ಈ ಕಾರಿಗೆ ಬೆಲೆ ಬಹಳ ಹೆಚ್ಚು. ಆದ್ದರಿಂದ ಸಾಮಾನ್ಯ ಜಿ.ಟಿ.ಗೆ ಜಿ.ಟಿ.ಎ. ವೇಷ ತೊಡಿಸುವ ಕುಶಲರೂ ಇದ್ದಾರೆ.

ಬೆಳ್ಳಗಿರುವುದೆಲ್ಲ ಹಾಲಲ್ಲವಷ್ಟೆ. ಅಲ್ಯೂಮಿನಿಯಂ ತಗಡನ್ನೇ ಹೊದಿಸಿ ವಂಚಿಸಿದರೆ ಅಯಸ್ಕಾಂತವೂ ಸೋಲುತ್ತದೆ. ಆಗ ನೆರವಿಗೆ ಬರುವುದು ಮಿಲಾನಿನ ಸಮೀಪದ ಅರೇಸೆಯಲ್ಲಿರುವ ಕಂಪನಿಯ ದಾಖಲೆಗಳ ಭಂಡಾರ. ಷಾಸಿಯ ಸಂಖ್ಯೆಯನ್ನು ಕೊಟ್ಟರೆ, ಆ ಕಾರು ಯಾವ ಮಾದರಿಯದಾಗಿ, ಯಾವ ದಿನ, ಯಾವ ಬಣ್ಣದಲ್ಲಿ ಹುಟ್ಟಿತೆಂಬ ಜಾತಕವೇ ಅಲ್ಲಿ ದೊರೆಯುತ್ತದೆ. ಕಾರ್ಖಾನೆಯಲ್ಲಿ ಇಂದು ಕಾರು ತಯಾರಾಗುತ್ತಿಲ್ಲ. ಜಾತಕಗಳು ಮಾತ್ರ ಉಳಿದಿವೆ.

ಇಷ್ಟು ಕಷ್ಟಪಟ್ಟು ಕಲಿತ ವಿದ್ಯೆಯನ್ನು ಇವರು ಬಿಟ್ಟಿಯಾಗಿ ಹಂಚುವುದೇಕೆ? ಕಾರಣ ಸರಳವಾಗಿದೆ. ಕಾಗದಪತ್ರಗಳನ್ನು ಭಂಡಾರದಲ್ಲಿಡಬಹುದು, ಕಿವಿಯ ಅನುಭವವನ್ನೂ ಕೈಯ ಹದವನ್ನೂ ಇಡಲಾಗದು. ಹಳೆಯ ಕುಶಲಕರ್ಮಿ ಯಾರಿಗೂ ಕಲಿಸದೆ ಕಣ್ಮುಚ್ಚಿದರೆ ಆ ವಿದ್ಯೆಯೂ ಅವನೊಡನೆ ಮಣ್ಣುಗೂಡುತ್ತದೆ. ಆಮೇಲೆ ಹಣವೆಷ್ಟಿದ್ದರೂ ಕಾರು ಪ್ರದರ್ಶನದ ಬೊಂಬೆಯಾದೀತೇ ಹೊರತು ರಸ್ತೆಯ ಮೇಲೆ ಓಡಲಾರದು.

ಅಂದು ನಿರಾಶನಾಗಿ ಹಿಂದಿರುಗಿದ ತರುಣನಿಗೆ ಮುಂದೊಂದು ದಿನ ಒಳ್ಳೆಯ ಕಾರೇ ದೊರೆಯಬಹುದು. ಆದರೆ ಅವನ ಮೊದಲ ಗಳಿಕೆ ಅದಲ್ಲ. ಷೆಡ್ಡಿನಿಂದ ಹೊರಬರುವಾಗ ಹಿರಿಯನು ಮಾತಿಲ್ಲದೆ ಅವನ ಅಂಗೈಯಲ್ಲಿರಿಸಿದ ಆ ಪುಟ್ಟ ಅಯಸ್ಕಾಂತವೇ ಮೊದಲ ಗಳಿಕೆ.