ಹ್ಯಾಂಡಲ್ಲಿಗೆ ಗಲ್ಲಾ ನೇತುಹಾಕಿ ಹೊರಟಿರಾ, ಸಾಹುಕಾರ್ರೇ?

ದಾವಣಗೆರೆಯ ಮಂಡಿಪೇಟೆಯಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ ಸುಮ್ಮನೆ ನಿಂತು ನೋಡಿ. ಒಂದೊಂದೇ ಷಟರ್ ದಡಾರನೆ ಇಳಿಯುತ್ತದೆ. ಬೀಗ ಬಿತ್ತೋ ಇಲ್ಲವೋ, ಗಲ್ಲಾದ ಹಣ ಚೀಲಕ್ಕೆ, ಚೀಲ ಸೈಕಲ್ ಹ್ಯಾಂಡಲ್ಲಿಗೆ! ಹಗಲೆಲ್ಲ ಬೀಗದೊಳಗೆ ಇದ್ದ ಹಣ ರಾತ್ರಿ ಎರಡು ಹಿಡಿಕೆಯ ಮೇಲೆ ತೂಗಾಡುತ್ತಾ ಮನೆಗೆ ಹೊರಡುತ್ತದೆ. ಕಿತ್ತುಕೊಳ್ಳುವವನಿಗೆ ಇದಕ್ಕಿಂತ ಸಲೀಸು ಇನ್ನೇನು ಬೇಕು ಸ್ವಾಮಿ?

ಸೈಕಲ್ ತುಳಿಯುವವನ ಎರಡೂ ಕೈ ಹ್ಯಾಂಡಲ್ ಮೇಲೆ. ಹಿಂದೆ ಯಾರು ಬಂದರು ಅಂತ ತಿರುಗಿದರೆ ಸೈಕಲ್ಲೇ ವಾಲುತ್ತದೆ. ಬೈಕಿನಲ್ಲಿ ಇಬ್ಬರು ಬಂದು, ಹಿಂದೆ ಕೂತವನು ಚೀಲಕ್ಕೆ ಕೈ ಹಾಕಿದರೆ ಕಥೆ ಮುಗೀತು. ಪೆಡಲ್ ತುಳಿದು ಬೈಕನ್ನು ಹಿಡಿದವರುಂಟೇ?

ನಮ್ಮ ರೂಢಿಯೇ ಅವರ ಟೈಮ್‌ಟೇಬಲ್

ಯಾವ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತೆ, ಚೀಲ ಯಾರ ಕೈಲಿ, ಆತ ತಿರುಗುವುದು ಯಾವ ಗಲ್ಲಿಗೆ? ಎದುರಿನ ಚಾ ಅಂಗಡಿಯಲ್ಲಿ ನಾಲ್ಕು ದಿನ ಕೂತವನಿಗೆ ಎಲ್ಲ ಬಾಯಿಪಾಠ. ಹಾಗಾಗಿ ಹೊತ್ತು ಬದಲಿಸಿ, ದಾರಿ ಬದಲಿಸಿ. ದೊಡ್ಡ ಮೊತ್ತವನ್ನು ಹಗಲಲ್ಲೇ ಬ್ಯಾಂಕಿಗೆ ಕಟ್ಟಿ. ಉಳಿದದ್ದನ್ನು ಅಂಗಿಯ ಒಳಜೇಬಿಗೆ ಸೇರಿಸಿ. ಚೀಲದಲ್ಲಿ ಬುತ್ತಿ ಡಬ್ಬಿ ಇರಲಿ ಸಾಕು.

ಚೀಲದ ಹಿಡಿಕೆಯನ್ನು ಮುಂಗೈಗೆ ಸುತ್ತಿಕೊಳ್ಳುವ ಜಾಣರೂ ಇದ್ದಾರೆ. ಬೇಡ! ಅವನು ಎಳೆದರೆ ಚೀಲದ ಜೊತೆ ನೀವೂ ಬೀಳುತ್ತೀರಿ. ಹಿಂದೆ ಲಾರಿ ಬರುತ್ತಿದ್ದರೆ?

"ಅಣ್ಣಾ, ನಿಮ್ಮ ದುಡ್ಡು ಬಿದ್ದೈತೆ ನೋಡ್ರಿ" ಅಂತ ಯಾರಾದರೂ ಕೂಗಿದರೆ ಕತ್ತಲಲ್ಲಿ ಇಳಿಯಬೇಡಿ. ಅಡ್ರೆಸ್ ಕೇಳುವವರಿಗೂ ಅಷ್ಟೆ. ಮೆಡಿಕಲ್ ಶಾಪೋ, ಪೆಟ್ರೋಲ್ ಬಂಕೋ, ಬೆಳಕಿದ್ದಲ್ಲಿ ಹೋಗಿ ನಿಲ್ಲಿ. ಹೊರಡುವ ಮುಂಚೆ ಟೈರ್ ಒತ್ತಿ ನೋಡಿ. ಬೇಕಂತಲೇ ಗಾಳಿ ಬಿಟ್ಟು, ಮುಂದಿನ ತಿರುವಿನಲ್ಲಿ ಕಾಯುವವರೂ ಉಂಟು.

ಹುಡುಗನ ಪಾಡೇನು?

ಸಾಹುಕಾರ್ರು ಸ್ವತಃ ಹಣ ಒಯ್ದರೆ ಒಂದು ಮಾತು. "ಲೇ, ಈ ಚೀಲ ಮನೀಗೆ ಮುಟ್ಟಿಸಿ ಹೋಗೋ" ಅಂತ ಕೆಲಸದ ಹುಡುಗನ ಕೈಗೆ ಕೊಡುವುದೇ ಹೆಚ್ಚು. ಒಲ್ಲೆ ಅನ್ನಲು ಅವನಿಗೆ ಬಾಯಿಲ್ಲ. ದಾರಿಯಲ್ಲಿ ಯಾರೋ ಹೊಡೆದು ಕಿತ್ತುಕೊಂಡರು ಅನ್ನಿ. ಮಂಡಿ ಒಡೆದು ರಕ್ತ ಸೋರಿಸಿಕೊಂಡು ಬಂದವನಿಗೆ ಸಿಗುವ ಮೊದಲ ಪ್ರಶ್ನೆ: "ನಿಜ ಹೇಳು, ನೀನೇ ಎತ್ತಿಟ್ಯಾ?" ಆಮೇಲೆ ಸಂಬಳದಲ್ಲಿ ಮುರಿತ. ಪೇಟೆಯಲ್ಲಿ ಕಳ್ಳ ಅನ್ನೋ ಹೆಸರು ಬೇರೆ.

ಈ ಅನುಮಾನದ ಭಯಕ್ಕೇ ಹುಡುಗ ಚೀಲ ಬಿಡುವುದಿಲ್ಲ. ಚಾಕು ತೋರಿಸಿದರೂ ಬಿಗಿಹಿಡಿಯುತ್ತಾನೆ. ಅಂದರೆ ಅವನ ಜೀವಕ್ಕೆ ಅಪಾಯ ತರುವುದರಲ್ಲಿ ನಮ್ಮದೂ ಪಾಲು ಇದೆ. ಇವತ್ತೇ ಕರೆದು ಹೇಳಿ: "ಯಾರಾದ್ರೂ ಅಡ್ಡ ಹಾಕಿದ್ರೆ ಚೀಲ ಕೊಟ್ಟು ಓಡಿ ಬಾರೋ. ನಿನ್ನನ್ನ ಒಂದು ಮಾತು ಕೇಳಲ್ಲ." ಹಣವನ್ನು ಇನ್ನೊಂದು ಹಬ್ಬಕ್ಕೆ ದುಡಿಯಬಹುದು. ಹುಡುಗನನ್ನು ಅವನ ತಾಯಿಗೆ ಎಲ್ಲಿಂದ ತಂದುಕೊಡುತ್ತೀರಿ?

ಕಳಕೊಂಡ ಮೇಲೆ

ತಕ್ಷಣ 112ಕ್ಕೆ ಫೋನ್ ಮಾಡಿ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. "ಅದು ನಮ್ಮ ಸರಹದ್ದಲ್ಲ" ಎಂದು ವಾಪಸ್ ಕಳಿಸುವಂತಿಲ್ಲ. ಎಫ್‌ಐಆರ್ ಪ್ರತಿಗೆ ಕಾಸು ಕೊಡಬೇಕಿಲ್ಲ.

ಈಗ ಫೋನೂ ಒಂದು ಗಲ್ಲಾಪೆಟ್ಟಿಗೆಯೇ. *#06# ಒತ್ತಿದರೆ ಬರುವ 15 ಅಂಕಿಯ ನಂಬರನ್ನು ಇವತ್ತೇ ಖಾತೆ ಪುಸ್ತಕದಲ್ಲಿ ಬರೆದಿಡಿ. ಫೋನ್ ಹೋದರೆ ಮೊದಲು ಸಿಮ್ ನಿಲ್ಲಿಸಿ, ಬ್ಯಾಂಕಿಗೆ ತಿಳಿಸಿ. ದೂರಿನ ಪ್ರತಿ ಇಟ್ಟುಕೊಂಡು ಸರ್ಕಾರದ ಸಂಚಾರ ಸಾಥಿಯಲ್ಲಿ ಫೋನನ್ನೇ ಬ್ಲಾಕ್ ಮಾಡಿಸಬಹುದು. ಖಾತೆಯಿಂದ ಹಣ ಎಳೆದಿದ್ದರೆ 1930ಕ್ಕೆ ಹೇಳಿ.

ಕಾನೂನೇನೂ ಮೆತ್ತಗಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಸಿದು ಓಡುವುದಕ್ಕೇ ಪ್ರತ್ಯೇಕ ಕಲಂ ಇದೆ: 304, ಮೂರು ವರ್ಷದವರೆಗೆ ಜೈಲು. ಹೊಡೆದು ಬೆದರಿಸಿ ದೋಚಿದರೆ ಹತ್ತು ವರ್ಷದವರೆಗೆ. ಅದೇ ದರೋಡೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆದ್ದಾರಿಯಲ್ಲಿ ನಡೆದರೆ 14 ವರ್ಷದವರೆಗೂ ಹೋಗಬಹುದು. ಆದರೆ ದೂರೇ ಕೊಡದಿದ್ದರೆ ಕಾನೂನು ಪುಸ್ತಕದಲ್ಲೇ ಮಲಗಿರುತ್ತದೆ.

ಬಸ್ಸಿನವರಿಗೂ ಒಂದು ಮಾತು

ಬಸ್‌ಸ್ಟ್ಯಾಂಡ್ ಹತ್ತಿರ ಸೈಕಲ್ ಬಿಟ್ಟು ಕೆಲಸಕ್ಕೆ ಹೋಗಿ, ಕೊನೇ ಬಸ್ಸಿಗೆ ಬಂದು ಕತ್ತಲಲ್ಲಿ ಹಳ್ಳಿ ಕಡೆ ತುಳಿಯುವವರು ಬಹಳ ಜನ. ಒಬ್ಬೊಬ್ಬರೇ ಹೊರಡಬೇಡಿ. ಅದೇ ದಿಕ್ಕಿನವರು ಇಬ್ಬರು ಮೂವರು ಜೊತೆಯಾಗಿ. ಬಸ್ಸಿನ ಕಿಟಕಿಯಿಂದ ಯಾರೋ ಸೈಕಲಿನವನನ್ನು ಅಡ್ಡ ಹಾಕಿದ್ದು ಕಂಡರೆ "ನಮಗ್ಯಾಕೆ" ಅಂತ ಮುಖ ತಿರುಗಿಸಬೇಡಿ. ಕಂಡಕ್ಟರಿಗೆ ಹೇಳಿ, ಬೈಕ್ ನಂಬರ್ ನೋಡಿಕೊಳ್ಳಿ, 112ಕ್ಕೆ ತಿಳಿಸಿ. ನಾಳೆ ಆ ಸೈಕಲ್ ಮೇಲೆ ನಿಮ್ಮ ಮಗನೇ ಇರಬಹುದು.

ಇನ್ನು ಬೀದಿ ದೀಪ ಉರಿಸಬೇಕಾದ ಪಾಲಿಕೆ, ಅಂಗಡಿ ಮುಚ್ಚುವ ಹೊತ್ತಿಗೆ ಪೇಟೆಯಲ್ಲಿ ಒಂದು ಸುತ್ತು ಬರಬೇಕಾದ ಪೊಲೀಸರು. ಹುಡುಗನಿಗೆ ಧೈರ್ಯ ಹೇಳುವುದು ಸಾಹುಕಾರ್ರ ಕೆಲಸ. ಅವನ ದಾರಿಗೆ ಬೆಳಕು ಕೊಡುವುದು ಇವರ ಕೆಲಸ. ಸಂಬಂಧಪಟ್ಟವರು ಗಮನಿಸುವರೇ?