ಕಾಯಿಲ್ ತಂತಿ ಎಷ್ಟು ದಪ್ಪ ಇರಬೇಕು?

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಾಗಲಿ, ನಿಮ್ಮೂರಿನ ಎಲೆಕ್ಟ್ರಿಕ್ ಅಂಗಡಿಯಲ್ಲಾಗಲಿ ‘ಸ್ಟೌಗೆ ಒಂದು ಕಾಯಿಲ್ ಕೊಡಿ’ ಎಂದರೆ ‘ಎಷ್ಟು ವ್ಯಾಟ್?’ ಎನ್ನುತ್ತಾರೆ. ತಂತಿಯ ದಪ್ಪದ ಮಾತನ್ನು ಅವರೂ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ. ಕಾಯಿಲ್ ಬೇಗ ಸುಟ್ಟುಹೋಗುವುದಕ್ಕೂ ಬಹುಕಾಲ ಬಾಳುವುದಕ್ಕೂ ಮುಖ್ಯ ಕಾರಣ ಆ ದಪ್ಪವೇ.

ಹಾಸ್ಟೆಲ್ಲುಗಳಲ್ಲಿ, ಒಂಟಿ ರೂಮುಗಳಲ್ಲಿ ಕೆಂಪಗೆ ಕಾಯುವ ಈ ಸುರುಳಿ ಸಾಮಾನ್ಯವಾಗಿ ನಿಕ್ರೋಮ್ ತಂತಿಯದು. ಸುಮಾರು 80 ಪಾಲು ನಿಕ್ಕಲ್, 20 ಪಾಲು ಕ್ರೋಮಿಯಂ ಬೆರೆತ ಈ ಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ. ತಾಮ್ರಕ್ಕೆ ಹೋಲಿಸಿದರೆ ಇದರ ರೋಧ ಅರವತ್ತು ಪಟ್ಟಿಗೂ ಹೆಚ್ಚು. ಕಾದಾಗ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಕಟ್ಟಿಕೊಂಡು ಒಳಗಿನ ಲೋಹವನ್ನು ಗಾಳಿಯಿಂದ ಕಾಪಾಡುತ್ತದೆ.

ಈಗ ಲೆಕ್ಕಕ್ಕೆ ಬರೋಣ. 230 ವೋಲ್ಟಿನಲ್ಲಿ 1000 ವ್ಯಾಟ್ ಬೇಕಾದರೆ ಕಾಯಿಲ್‌ನ ರೋಧ ಸುಮಾರು 53 ಓಮ್ ಇರಬೇಕು. ತಂತಿಯ ದಪ್ಪವನ್ನು ಗೇಜ್ ಅಂಕಿಯಲ್ಲಿ ಹೇಳುತ್ತಾರೆ. ಅಂಕಿ ಏರಿದಷ್ಟೂ ತಂತಿ ತೆಳು: ಬ್ರಿಟಿಷ್ ಗೇಜಿನಲ್ಲಿ 24 ಎಂದರೆ 0.56 ಮಿ.ಮೀ., 26 ಎಂದರೆ 0.46 ಮಿ.ಮೀ. ಹತ್ತಿರ. ಆ 53 ಓಮ್‌ಗೆ 26 ಗೇಜಿನ ತಂತಿ ಹೆಚ್ಚುಕಡಿಮೆ 8 ಮೀಟರ್ ಸಾಕು. 24 ಗೇಜಿನದಾದರೆ 12 ಮೀಟರ್ ಬೇಕು. ಎರಡೂ ಕೊಡುವುದು ಅದೇ 1000 ವ್ಯಾಟ್. ಆದರೆ ದಪ್ಪ ತಂತಿಗೆ ಶಾಖ ಹೊರಬಿಡಲು ಹತ್ತಿರ ಹತ್ತಿರ ಎರಡು ಪಟ್ಟು ಮೈ ಇದೆ. ತೆಳು ತಂತಿ ಅಷ್ಟೇ ಶಾಖವನ್ನು ಚಿಕ್ಕ ಮೈಯಿಂದ ಉಗುಳಬೇಕು. ಹಾಗಾಗಿ ಹೆಚ್ಚು ಕೆಂಪೇರುತ್ತದೆ, ಬೇಗ ಸವೆಯುತ್ತದೆ. ಅಗ್ಗದ ಕಾಯಿಲ್‌ನ ಗುಟ್ಟು ಬಹಳಷ್ಟು ಸಲ ಇದೇ: ತಂತಿ ಉಳಿಸಿರುತ್ತಾರೆ.

ತುಂಡಾದ ಕಾಯಿಲ್‌ನ ಎರಡು ತುದಿಗಳನ್ನು ಕೊಂಡಿ ಹಾಕಿ ಮತ್ತೆ ಒಲೆ ಹೊತ್ತಿಸುವವರು ಎಲ್ಲೆಡೆ ಇದ್ದಾರೆ. ಸುಟ್ಟ ಭಾಗ ಕತ್ತರಿಸಿ ಹತ್ತನೇ ಒಂದು ಪಾಲು ಉದ್ದ ಹೋಯಿತೆನ್ನಿ: ರೋಧ ಅಷ್ಟು ಇಳಿದು 1000 ವ್ಯಾಟಿನ ಕಾಯಿಲ್ 1100 ದಾಟುತ್ತದೆ. ಹೆಚ್ಚಿದ ಶಾಖ, ಕುಗ್ಗಿದ ಮೈ, ಸಾಲದ್ದಕ್ಕೆ ಸಡಿಲ ಗಂಟಿನಲ್ಲಿ ಕಿಡಿ. ಸುರುಳಿಯನ್ನು ಒಂದು ಕಡೆ ಎಳೆದು ಇನ್ನೊಂದು ಕಡೆ ಒತ್ತಾಗಿ ಬಿಟ್ಟರೂ ಒತ್ತಾದ ಜಾಗವೇ ಮೊದಲು ಹೋಗುತ್ತದೆ.

ಹಾಗೆಂದು ದಪ್ಪ ತಂತಿ ಎಲ್ಲೆಡೆ ಕ್ಷೇಮ ಎಂದುಕೊಳ್ಳಬೇಡಿ. ಪದೇ ಪದೇ ಫ್ಯೂಸ್ ಹೋಗುತ್ತದೆಂದು ಅದರ ಜಾಗದಲ್ಲಿ ದಪ್ಪ ತಂತಿ ಕಟ್ಟುವುದು ನಮ್ಮ ಹಳೇ ಚಾಳಿ. ಫ್ಯೂಸ್ ತಂತಿಯ ಕೆಲಸವೇ ಮೊದಲು ಕರಗುವುದು. ಅದು ಕರಗದಿದ್ದರೆ ಗೋಡೆಯೊಳಗಿನ ವೈರು ಕಾಯುತ್ತದೆ, ಮತ್ತು ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸಾಕೆಟ್ಟಿನ ವಿಷಯದಲ್ಲೂ ಇದೇ ಎಚ್ಚರ ಬೇಕು: 2000 ವ್ಯಾಟಿನ ಒಲೆ ಎಳೆಯುವುದು ಸುಮಾರು 8.7 ಆಂಪಿಯರ್, ಅದನ್ನು 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸುವುದು ತಪ್ಪು, 16 ಆಂಪಿಯರ್ ಪಾಯಿಂಟೇ ಬೇಕು.

ಆದ್ದರಿಂದ ಅಂಗಡಿಯಲ್ಲಿ ವ್ಯಾಟ್ ಹೇಳಿದ ಮೇಲೆ ಗೇಜ್ ಕೂಡ ಕೇಳಿ. ಅಷ್ಟೇ ವ್ಯಾಟಿನ ಎರಡು ಕಾಯಿಲ್ ಸಿಕ್ಕರೆ, ಒಲೆಯ ಕಾಲುವೆಯಲ್ಲಿ ಕೂರುವಷ್ಟರ ಮಟ್ಟಿಗೆ ದಪ್ಪಗಿರುವುದನ್ನೇ ಆರಿಸಿ. ತುಂಡಾದರೆ ಗಂಟು ಹಾಕದೆ ಪೂರ್ತಿ ಬದಲಿಸಿ. ಬದಲಿಸುವ ಮುನ್ನ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ.